ನೋವಿಲ್ಲದ ರಕ್ತಮೂತ್ರ: ಮೂತ್ರಕೋಶ ಕ್ಯಾನ್ಸರ್‌ನ ಮುನ್ಸೂಚನೆ

ಪುತ್ತೂರು: ಮೂತ್ರ ಕೆಂಪಾದರೆ ‘ಉಷ್ಣ’ವೆಂದು ಸೀಯಾಳ, ಬಾರ್ಲಿ ನೀರು ಕುಡಿದು ಸುಮ್ಮನಾಗುವ ರೂಢಿ ಪುತ್ತೂರು, ಸುಳ್ಯ, ಕಡಬ ಭಾಗದಲ್ಲಿದೆ. ಆದರೆ ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸುವುದು ಮೂತ್ರಕೋಶದ ಕ್ಯಾನ್ಸರ್‌ನ ಪ್ರಮುಖ ಲಕ್ಷಣ. ರಕ್ತ ತಾನಾಗಿ ನಿಂತು, ವಾರ ಅಥವಾ ತಿಂಗಳುಗಳ ಬಳಿಕ ಮರುಕಳಿಸಬಹುದು. ನಿಂತ ಮಾತ್ರಕ್ಕೆ ಗುಣವಾಯಿತೆಂದಲ್ಲ.

ಬೀಡಿ, ಸಿಗರೇಟು ಸೇವನೆ ಇದಕ್ಕೆ ಮುಖ್ಯ ಕಾರಣ. ಹೊಗೆಯ ವಿಷಾಂಶಗಳು ರಕ್ತದ ಮೂಲಕ ಮೂತ್ರಕ್ಕೆ ಸೇರಿ ಮೂತ್ರಕೋಶದ ಒಳಪದರವನ್ನು ಕೆಡಿಸುತ್ತವೆ. 50 ವರ್ಷ ದಾಟಿದ ಪುರುಷರಲ್ಲಿ ಈ ಕಾಯಿಲೆ ಹೆಚ್ಚು. ಮಹಿಳೆಯರಲ್ಲಿ ಮೂತ್ರದ ಸೋಂಕೆಂದು ಭಾವಿಸಿ ಪತ್ತೆ ತಡವಾಗುವುದುಂಟು.

ಮೊದಲಿಗೆ ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಮಾಡಲಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಸಣ್ಣ ಗಡ್ಡೆ ಕಾಣದೆ ಹೋಗಬಹುದಾದ್ದರಿಂದ, ಮೂತ್ರನಾಳದ ಮೂಲಕ ಕೊಳವೆ ಹಾಯಿಸಿ ನೋಡುವ ಸಿಸ್ಟೋಸ್ಕೋಪಿ ಅಗತ್ಯ. ಮಂಗಳೂರಿನ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ಗಡ್ಡೆ ಒಳಪದರದಲ್ಲೇ ಇದ್ದರೆ ಹೊಟ್ಟೆ ಕೊಯ್ಯದೆ ಅದೇ ದಾರಿಯಲ್ಲಿ ತೆಗೆಯಬಹುದು. ಸ್ನಾಯುವಿಗೆ ಇಳಿದರೆ ಮೂತ್ರಕೋಶವನ್ನೇ ತೆಗೆಯಬೇಕಾದೀತು. ಆದ್ದರಿಂದ ರಕ್ತ ಒಮ್ಮೆ ಕಂಡರೂ ವೈದ್ಯರನ್ನು ಕಾಣುವುದು ಒಳಿತು.