ಹುಳುಕು ಹಲ್ಲು, ಲವಂಗ, ಸುಣ್ಣ: ದಂತಕುಳಿ ತುಂಬುವ ವಸ್ತುಗಳ ಬ್ಯಾಕ್ಟೀರಿಯಾನಿರೋಧಕ ಗುಣ

ಹುಳು ತಿಂದು ಟೊಳ್ಳಾದದ್ದು ಹುಳುಕು. ಹಲ್ಲಿನ ಕೇಡಿಗೆ ಜೀವಿಯೊಂದು ಕಾರಣವೆಂಬ ಜನಪದ ಗ್ರಹಿಕೆ ‘ಹುಳುಕು ಹಲ್ಲು’ ಎಂಬ ಮಾತಿನಲ್ಲಿಯೇ ಅಡಗಿದೆ. ನೆಲಗುಳ್ಳದ ಬೀಜದ ಹೊಗೆ ಹಿಡಿದು ಹುಳು ಬೀಳಿಸುವ ಪದ್ಧತಿಗೂ ಇದೇ ಆಧಾರ. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ಹುಳುವಿನ ವಾದವನ್ನು ಅಲ್ಲಗಳೆದನು. 1890ರಲ್ಲಿ ಡಬ್ಲ್ಯು. ಡಿ. ಮಿಲ್ಲರ್, ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟಗಳಿಂದ ಉತ್ಪಾದಿಸುವ ಆಮ್ಲವು ಹಲ್ಲನ್ನು ಕರಗಿಸುತ್ತದೆಂಬ ಸಿದ್ಧಾಂತವನ್ನು ಮಂಡಿಸಿದನು. ಹುಳುವಿಲ್ಲದಿದ್ದರೂ ಜೀವಿ ಇತ್ತು.

ಬೆಂಗಳೂರಿನ ಬನಶಂಕರಿ ಪರಿಸರದಲ್ಲಿ ಈ ಎರಡೂ ತಿಳಿವಳಿಕೆಗಳು ಅಕ್ಕಪಕ್ಕದಲ್ಲಿವೆ. ಕತ್ರಿಗುಪ್ಪೆ, ಕದಿರೇನಹಳ್ಳಿಗಳು ಹಿಂದೆ ಹಳ್ಳಿಗಳಾಗಿದ್ದು ಬಡಾವಣೆಗಳೊಳಗೆ ಸೇರಿಹೋದವು. ನೆರೆಯ ಕುಮಾರಸ್ವಾಮಿ ಬಡಾವಣೆ, ಜೆ.ಪಿ. ನಗರಗಳಲ್ಲಿ ದಂತವೈದ್ಯಕೀಯ ಕಾಲೇಜುಗಳಿವೆ. ಗ್ರಂಥಿಗೆ ಅಂಗಡಿಯ ಲವಂಗಕ್ಕೂ ದಂತವೈದ್ಯರ ಲೇಪಕ್ಕೂ ಇರುವ ನಂಟು ಗಮನಾರ್ಹವಾದುದು.

ಲವಂಗದೆಣ್ಣೆಯ ಮುಖ್ಯಾಂಶ ಯೂಜೆನಾಲ್. ಇದನ್ನು ಸತುವಿನ ಆಕ್ಸೈಡ್ ಪುಡಿಯೊಡನೆ ಕಲಸಿದರೆ ಗಟ್ಟಿಯಾಗುವ ತಾತ್ಕಾಲಿಕ ಪೂರಣ ಸಿದ್ಧವಾಗುತ್ತದೆ. ತೇವ ತಾಗಿದಂತೆ ಅದರಿಂದ ಯೂಜೆನಾಲ್ ಸ್ವಲ್ಪಸ್ವಲ್ಪವೇ ಹೊರಬಂದು ನೋವನ್ನು ತಗ್ಗಿಸುತ್ತದೆ, ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತದೆ. ಎಲೆ-ಅಡಿಕೆಯೊಡನೆ ಬಳಸುವ ಸುಣ್ಣವು ರಾಸಾಯನಿಕವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. 1920ರಲ್ಲಿ ಜರ್ಮನಿಯ ಹರ್ಮನ್ ಇದನ್ನು ದಂತಚಿಕಿತ್ಸೆಗೆ ತಂದನು. ಇದರ ಪಿಹೆಚ್ ಸುಮಾರು 12.5. ಇಂತಹ ಕ್ಷಾರದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾಗಳು ಉಳಿಯಲಾರವು. ಆದರೆ ಎಲೆ-ಅಡಿಕೆ ಹಲ್ಲಿಗೆ ರಕ್ಷೆಯೆಂದು ಇದರಿಂದ ತೀರ್ಮಾನಿಸಲಾಗದು. ಅಡಿಕೆ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣಗಳಲ್ಲೊಂದು.

1972ರಲ್ಲಿ ವಿಲ್ಸನ್ ಮತ್ತು ಕೆಂಟ್ ವಿವರಿಸಿದ ಗ್ಲಾಸ್ ಅಯೊನೊಮರ್ ಫ್ಲೋರೈಡನ್ನು ಬಿಡುಗಡೆ ಮಾಡುತ್ತದೆ. ಬೆಳ್ಳಿ ಅಮಾಲ್ಗಮ್‌ಗೂ ಅಲ್ಪಸ್ವಲ್ಪ ನಿರೋಧಕ ಗುಣವುಂಟು. ಆದರೆ ಅದರಲ್ಲಿ ಪಾದರಸವಿರುವ ಕಾರಣ 2013ರ ಮಿನಮಾಟಾ ಒಪ್ಪಂದವು ಅದರ ಬಳಕೆಯನ್ನು ತಗ್ಗಿಸಲು ಸೂಚಿಸಿತು. ಅದರ ಸ್ಥಾನವನ್ನು ತುಂಬುತ್ತಿರುವ ಹಲ್ಲಿನ ಬಣ್ಣದ ಸಾಮಾನ್ಯ ಕಾಂಪೊಸಿಟ್ ನೋಡಲು ಚೆಂದ, ಬಲದಲ್ಲಿಯೂ ಕಡಿಮೆಯಲ್ಲ. ಬ್ಯಾಕ್ಟೀರಿಯಾಗಳನ್ನು ತಡೆಯುವ ಶಕ್ತಿ ಮಾತ್ರ ಅದಕ್ಕಿಲ್ಲವೆನ್ನಬಹುದು. ಅಂಚಿನಲ್ಲಿ ಸಣ್ಣ ಬಿರುಕುಂಟಾದರೆ ಅಲ್ಲಿ ಮತ್ತೆ ಹುಳುಕು ಹಿಡಿಯಬಹುದು. ಆ ಕಾರಣದಿಂದಲೇ ನಿರೋಧಕ ಗುಣವುಳ್ಳ ಪೂರಣಗಳಿಗಾಗಿ ಸಂಶೋಧನೆ ಮುಂದುವರಿದಿದೆ.

ಯಾವ ಪೂರಣವೂ ಹುಳುಕನ್ನು ತೆಗೆದು ಶುಚಿಗೊಳಿಸುವ ಕೆಲಸಕ್ಕೆ ಬದಲಿಯಲ್ಲ. ಕುಳಿಯಲ್ಲಿಟ್ಟ ಲವಂಗ ನೋವನ್ನು ಮರೆಸುತ್ತದೆ. ಒಳಗಿನ ಕೊಳೆತ ಮುಂದುವರಿಯುತ್ತದೆ. ನೋವು ನಿಂತಿತೆಂದು ಸುಮ್ಮನಾದವರು ಹಲ್ಲನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ಮನೆಮದ್ದನ್ನು ದಾಖಲಿಸುವ ಜಾನಪದ ವಿದ್ವಾಂಸರು, ಅದನ್ನು ನಂಬಿ ಜನ ಎಷ್ಟು ದಿನ ಕಾದರೆಂಬುದನ್ನೂ ದಾಖಲಿಸುವುದು ಅವಶ್ಯ.