ನರ ಹಿಡ್ಕೊಂಡಿದೆ ಡಾಕ್ಟ್ರೇ

ನಮ್ಮ ಸೋದರತ್ತೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗ ನೀರು ಎಡತುಟಿಯ ಅಂಚಿನಿಂದ ಸೋರಿ ಸೆರಗಿನ ಮೇಲೆ ಬಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಬಾಯಿ ಬಲಕ್ಕೆ ಸೊಟ್ಟಗಾಗಿದೆ, ಎಡಗಣ್ಣು ಮುಚ್ಚಲು ಬರುತ್ತಿಲ್ಲ. ಅರ್ಧ ಗಂಟೆಯೊಳಗೆ ಅಕ್ಕಪಕ್ಕದವರೆಲ್ಲ ಸೇರಿ 'ಲಕ್ವ ಹೊಡೆದಿದೆ' ಎಂದು ತೀರ್ಮಾನಿಸಿದರು. ಒಬ್ಬರು ನಾಟಿ ಔಷಧಿ ಕೊಡುವವರ ಊರು ಹೇಳಿದರು, ಇನ್ನೊಬ್ಬರು ಎಣ್ಣೆ ಬಿಸಿಮಾಡಿ ಕೆನ್ನೆಗೆ ತಿಕ್ಕತೊಡಗಿದರು. ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಮೊದಲು ಹೇಳಿದ್ದು, "ಅಮ್ಮಾ, ಹುಬ್ಬು ಮೇಲೆತ್ತಿ, ನೋಡೋಣ." ಅತ್ತೆ ಎತ್ತಿದರು. ಹಣೆಯ ಬಲಭಾಗದಲ್ಲಿ ಮೂರು ಗೆರೆ ಮೂಡಿದವು. ಎಡಭಾಗ ಇಸ್ತ್ರಿ ಹಾಕಿದ ಬಟ್ಟೆಯಂತೆ ನುಣ್ಣಗೇ ಉಳಿಯಿತು. ಆಮೇಲೆ ಕೈಕಾಲಿನ ಬಲ ನೋಡಿ, ನಾಲ್ಕು ಮಾತಾಡಿಸಿ, "ಇದು ಮೆದುಳಿನದಲ್ಲ, ಮುಖದ ನರದ್ದು" ಎಂದರು.

ಹಣೆಯ ಆ ಗೆರೆಗಳಲ್ಲಿ ಶರೀರರಚನೆಯ ಒಂದು ಸೂಕ್ಷ್ಮವಿದೆ. ಮುಖದ ಕೆಳಭಾಗಕ್ಕೆ ಅಪ್ಪಣೆ ಬರುವುದು ಹೆಚ್ಚಾಗಿ ಮೆದುಳಿನ ಎದುರು ಬದಿಯಿಂದ. ಹಣೆಗೆ ಮಾತ್ರ ಎರಡೂ ಬದಿಯಿಂದ ಬರುತ್ತದೆ. ಹಾಗಾಗಿ ಮೆದುಳಿನ ಒಂದು ಬದಿಗೆ ಪೆಟ್ಟಾದರೂ ಇನ್ನೊಂದು ಬದಿ ಹಣೆಯನ್ನು ನೋಡಿಕೊಳ್ಳುತ್ತದೆ. ಬಾಯಿ ಸೊಟ್ಟಗಾದರೂ ಹುಬ್ಬು ಏಳುತ್ತದೆ. ಆದರೆ ಕಿವಿಯ ಬಳಿ ಮೂಳೆಯ ಇಕ್ಕಟ್ಟಾದ ಕೊಳವೆಯಲ್ಲಿ ಹಾಯುವ ಮುಖದ ನರವೇ ಊದಿಕೊಂಡರೆ ಆ ಬದಿಗೆ ಯಾವ ಅಪ್ಪಣೆಯೂ ತಲುಪದು. ಹಣೆ, ಕಣ್ಣು, ಬಾಯಿ ಮೂರೂ ಒಟ್ಟಿಗೆ ಸೋಲುತ್ತವೆ. 1821ರಲ್ಲಿ ಈ ನರದ ಕುರಿತು ಬರೆದ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಅವರ ಹೆಸರಿನಿಂದ ಇದನ್ನು ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಬಹುಪಾಲು ಜನಕ್ಕೆ ಕೆಲವು ವಾರ, ಕೆಲವು ತಿಂಗಳಲ್ಲಿ ವಾಸಿಯಾಗುತ್ತದೆ. ಮೂರು ದಿನದೊಳಗೆ ಸ್ಟೀರಾಯ್ಡ್ ಮಾತ್ರೆ ಶುರುವಾದರೆ ಇನ್ನೂ ಒಳ್ಳೆಯದು. ಮುಚ್ಚದ ಕಣ್ಣು ಒಣಗದ ಹಾಗೆ ಕಾಪಾಡಿಕೊಳ್ಳುವುದೂ ಅಷ್ಟೇ ಮುಖ್ಯ. ಆದರೆ ಹುಬ್ಬಿನ ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ನಿಶ್ಚಿಂತೆಯಿಂದ ಕೂರುವಂತಿಲ್ಲ. ಅಪರೂಪಕ್ಕೆ ಸ್ಟ್ರೋಕ್ ಕೂಡ ಇದೇ ವೇಷದಲ್ಲಿ ಬರುತ್ತದೆ.

ನನ್ನನ್ನು ಕಾಡಿದ್ದು 'ಲಕ್ವ' ಎಂಬ ಆ ಹೆಸರು. ಅದು ಅರಬ್ಬಿಯಿಂದ ಬಂದದ್ದು. ಯುನಾನಿ ವೈದ್ಯರು ಮುಖ ಸೊಟ್ಟಗಾಗುವುದನ್ನು ಮಾತ್ರ ಲಕ್ವ ಎನ್ನುತ್ತಿದ್ದರು. ಅರ್ಧ ಮೈ ಬಿದ್ದುಹೋದರೆ ಅದು ಫಾಲಿಜ್. ಆಯುರ್ವೇದವೂ ಮೊದಲನೆಯದನ್ನು ಅರ್ದಿತ, ಎರಡನೆಯದನ್ನು ಪಕ್ಷಾಘಾತ ಎಂದು ಬೇರೆಯಾಗಿಯೇ ಇಟ್ಟಿತ್ತು. ಪಂಡಿತರು ಬಿಡಿಸಿಟ್ಟಿದ್ದ ಎರಡು ಕಾಯಿಲೆ ನಮ್ಮ ಆಡುಮಾತಿಗೆ ಬರುವ ಹೊತ್ತಿಗೆ ಒಂದಾಗಿಬಿಟ್ಟವು. ಕಷ್ಟ ಇರುವುದೇ ಇಲ್ಲಿ. ಒಂದು ಸಾಮಾನ್ಯವಾಗಿ ನಿಧಾನಕ್ಕೆ ತಾನೇ ಮಾಗುವಂಥದ್ದು. ಇನ್ನೊಂದರಲ್ಲಿ ಮೆದುಳಿನ ರಕ್ತನಾಳ ಕಟ್ಟಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. 'ಲಕ್ವಕ್ಕೆ ಕೊಟ್ಟ ನಾಟಿ ಔಷಧಿಯಿಂದ ಬಾಯಿ ನೆಟ್ಟಗಾಯಿತು' ಎಂಬ ಕಥೆ ಎಷ್ಟೋ ಸಲ ಬೆಲ್ಸ್ ಪಾಲ್ಸಿಯ ಕಥೆಯೇ ಇರಬೇಕು. ಅದನ್ನು ನಂಬಿ ಸ್ಟ್ರೋಕ್ ಆದವರನ್ನು ಬಸ್ಸು ಹತ್ತಿಸಿ ಔಷಧಿಯ ಊರಿಗೆ ಕರೆದೊಯ್ಯುವಾಗ ಆ ನಾಲ್ಕೂವರೆ ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ.

'ನರ' ಎಂಬ ಮಾತಿನದೂ ಇಂಥದೇ ಪಾಡು. ಡ್ರಿಪ್ ಹಾಕುವಾಗ ಸಿಸ್ಟರ್ 'ನರ ಸಿಗ್ತಿಲ್ಲ' ಎನ್ನುತ್ತಾರೆ. ಅವರು ಹುಡುಕುತ್ತಿರುವುದು ಹಸಿರಾಗಿ ಉಬ್ಬಿದ ರಕ್ತನಾಳ. ಹಿಮ್ಮಡಿಯ ಮೇಲೆ ಹುರಿಯಂತೆ ಬಿಗಿದಿರುವುದನ್ನೂ ನರ ಅನ್ನುತ್ತೇವೆ. ಅದು ಸ್ನಾಯುವನ್ನು ಮೂಳೆಗೆ ಕಟ್ಟಿರುವ ರಜ್ಜು. ಸೊಂಟದಿಂದ ಪಾದದವರೆಗೆ ಛಳುಕು ಹೊಡೆದಾಗ 'ನರ ಹಿಡ್ಕೊಂಡಿದೆ' ಎಂದರೆ ಮಾತ್ರ ನಿಜವಾದ ನರದ ಬಗ್ಗೆ ಆಡಿದಂತಾಗುತ್ತದೆ. ಸಯಾಟಿಕ್ ಎಂಬ ಆ ನರ ಬೆರಳಿನಷ್ಟು ದಪ್ಪ, ಮೈಯಲ್ಲೇ ಅತಿ ದೊಡ್ಡದು.

ಇದು ಕನ್ನಡದ ಬಡತನವಲ್ಲ. ಗ್ರೀಕರ 'ನ್ಯೂರಾನ್' ಕೂಡ ಮೊದಲು ಸ್ನಾಯುರಜ್ಜುವಿನ ಹೆಸರಾಗಿತ್ತು. ಅರಿಸ್ಟಾಟಲನ ಕಾಲದವರೆಗೂ ಅದು ಹಾಗೇ ಇತ್ತು. ಕ್ರಿಸ್ತಪೂರ್ವ 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಹೀರೋಫಿಲಸ್ ಶವಗಳನ್ನು ಕೊಯ್ದು ನೋಡಿ, ಮೆದುಳು ಮತ್ತು ಬೆನ್ನುಹುರಿಯಿಂದ ಹೊರಡುವ ಬಿಳಿಯ ಎಳೆಗಳೇ ಬೇರೆ, ಎಳೆದು ಕಟ್ಟುವ ಹುರಿಗಳೇ ಬೇರೆ ಎಂದು ತೋರಿಸಿದ. ಸಂಸ್ಕೃತದ 'ಸ್ನಾಯು' ಈ ನ್ಯೂರಾನಿಗೆ ಬಳಗದ ಪದ. ಹಿಂದಿ, ಬಂಗಾಳಿಗಳಲ್ಲಿ ಅದು ಇಂದು ನರ, ಕನ್ನಡ ಮತ್ತು ಮರಾಠಿಯಲ್ಲಿ ಮಾಂಸಖಂಡ. ಒಂದೇ ಪುಸ್ತಕ ಹಿಂದಿಯಿಂದ ಕನ್ನಡಕ್ಕೆ ಬಂದಾಗ 'ಸ್ನಾಯು'ವನ್ನು ಹಾಗೇ ಬಿಟ್ಟರೆ ಕಾಯಿಲೆಯೇ ಬದಲಾಗಿಹೋಗುತ್ತದೆ!

ಕಾಯಿಲೆಯ ಹೆಸರಿನಲ್ಲಿ ಎಡವಿದರೂ ಅನುಭವವನ್ನು ಹೇಳುವಾಗ ನಮ್ಮ ಜನರ ಮಾತು ಬಹಳ ಚೊಕ್ಕ. ಜೋಮು ಹಿಡಿಯುವುದು ಬೇರೆ, ಮರಗಟ್ಟುವುದು ಬೇರೆ, ಜುಮುಜುಮು ಬೇರೆ, ಉರಿ ಬೇರೆ. ಬಹುಕಾಲದ ಸಕ್ಕರೆ ಕಾಯಿಲೆಯವರು 'ಹತ್ತಿಯ ಮೇಲೆ ನಡೆದ ಹಾಗಾಗುತ್ತೆ', 'ಚಪ್ಪಲಿ ಕಳಚಿಹೋಗಿದ್ದು ಗೊತ್ತೇ ಆಗಲಿಲ್ಲ' ಎನ್ನುವುದುಂಟು. ನರರೋಗ ತಜ್ಞರಿಗೆ ಅಷ್ಟು ಕೇಳಿದರೆ ಅರ್ಧ ವಿಷಯ ತಿಳಿದಂತೆ. ಮೈಯಲ್ಲಿ ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು, ಸಕ್ಕರೆಯ ಪೆಟ್ಟು ಮೊದಲು ಬೀಳುವುದು ಅವುಗಳ ತುದಿಗೆ. ಅದೇ ವ್ಯಕ್ತಿ 'ನರದೌರ್ಬಲ್ಯ' ಎಂದಷ್ಟೇ ಹೇಳಿದರೆ ಡಾಕ್ಟರಿಗೆ ಏನೂ ದಕ್ಕುವುದಿಲ್ಲ. ಕೈ ನಡುಕ, ಕಾಲುರಿ, ಸುಸ್ತು, ನಿದ್ದೆಗೇಡು ಎಲ್ಲವೂ ಆ ಒಂದು ಚೀಲದಲ್ಲಿ ತುಂಬಿಕೊಂಡಿವೆ. ಹೆಸರನ್ನು ಡಾಕ್ಟರಿಗೆ ಬಿಟ್ಟು, ಎಲ್ಲಿ, ಯಾವಾಗ, ಹೇಗಾಯಿತು ಎಂಬುದನ್ನು ನಾವು ಹೇಳಿದರೆ ಸಾಕು.

ಫಿಟ್ಸ್ ವಿಷಯದಲ್ಲಂತೂ ನೋಡಿದವರ ವಿವರಣೆಯೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ರೋಗಿಗೆ ಎಷ್ಟೋ ಸಲ ಏನೂ ನೆನಪಿರುವುದಿಲ್ಲ. 'ಅಪಸ್ಮಾರ' ಎಂದರೆ ಸ್ಮರಣೆ ತಪ್ಪುವುದೇ. ಗ್ರೀಕರಿಂದ ಬಂದ 'ಎಪಿಲೆಪ್ಸಿ'ಯ ಅರ್ಥ ಹಿಡಿದುಕೊಳ್ಳುವುದು. 'ದೆವ್ವ ಹಿಡಿದಿದೆ' ಎಂಬ ನಮ್ಮ ಮಾತಿಗೆ ಅದು ದೂರವೇನಲ್ಲ. ಕೈಗೆ ಬೀಗದಕೈ ಗೊಂಚಲು ಕೊಟ್ಟರೆ ನಿಲ್ಲುತ್ತದೆ ಎಂಬ ನಂಬಿಕೆ ಇಂದಿಗೂ ಇದೆ. ಸಾಮಾನ್ಯವಾಗಿ ಫಿಟ್ಸ್ ಒಂದೆರಡು ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ, ಕೀರ್ತಿ ಕಬ್ಬಿಣಕ್ಕೆ ಹೋಗುತ್ತದೆ. ಮಾಡಬೇಕಾದ್ದು ಇಷ್ಟು: ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಬಾಯಿಗೆ ಏನನ್ನೂ ತುರುಕದಿರುವುದು, ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡುವುದು.

ಹಾಗೆ ಗಮನಿಸಿದವರ ಮಾತಿನಿಂದ ಬೆಳೆದ ಒಂದು ಅಧ್ಯಾಯ ನಮ್ಮ ನಾಡಿನದೇ. ಮೈಸೂರು ಸೀಮೆಯ ಮನೆಗಳಲ್ಲಿ 'ತಲೆ ಮೇಲೆ ಬಿಸಿನೀರು ಹುಯ್ಕೊಂಡಾಗ ಮಾತ್ರ ಬರುತ್ತೆ' ಎನ್ನುವವರಿದ್ದರು. ಹಂಡೆಯಿಂದ ತಂಬಿಗೆ ತಂಬಿಗೆಯಾಗಿ ಸುಡುವ ನೀರನ್ನು ನೆತ್ತಿಯ ಮೇಲೆ ಸುರಿದುಕೊಳ್ಳುವುದು ನಮ್ಮ ರೂಢಿ. ಕೆಲವರಿಗೆ ಆ ಹೊತ್ತಿನಲ್ಲಿ ನೋಟ ಮಂಕಾಗುತ್ತದೆ, ಮಾತು ತೊದಲುತ್ತದೆ, ಕೆಲವರು ನಿಲ್ಲಿಸಲಾಗದೆ ಇನ್ನೂ ಇನ್ನೂ ಸುರಿದುಕೊಳ್ಳುತ್ತಾರೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ 1960ರ ದಶಕದಲ್ಲೇ ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ಜನರ ವಿವರ ಪ್ರಕಟಿಸಿದರು. ನೀರಿನ ಬಿಸಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಇಂಥದ್ದು ಬೇರೆ ದೇಶಗಳಲ್ಲೂ ಇದೆ, ಆದರೆ ದಕ್ಷಿಣ ಕರ್ನಾಟಕದಷ್ಟು ಹೆಚ್ಚಾಗಿ ಅಲ್ಲ.

ಇದಕ್ಕೆ ಮೊದಲ ಚಿಕಿತ್ಸೆ ಬಚ್ಚಲಮನೆಯಲ್ಲೇ ಇದೆ: ನೀರು ಉಗುರುಬೆಚ್ಚಗಿರಬೇಕು, ತಲೆಯ ಮೇಲೆ ದಬದಬ ಸುರಿಯಬಾರದು, ಬಾಗಿಲ ಚಿಲಕ ಹಾಕಿಕೊಳ್ಳಬಾರದು. ಅಷ್ಟರಿಂದ ನಿಲ್ಲದವರಿಗೆ ಸ್ನಾನಕ್ಕೆ ಮುಂಚೆ ಕ್ಲೋಬಜಾಮ್ ಮಾತ್ರೆ ತೆಗೆದುಕೊಳ್ಳಲು ವೈದ್ಯರು ಹೇಳುತ್ತಾರೆ. ಸ್ನಾನವಿಲ್ಲದ ಹೊತ್ತಿನಲ್ಲೂ ಫಿಟ್ಸ್ ಬರುವವರಿಗೆ ದಿನವೂ ಮಾತ್ರೆ ಬೇಕಾಗುತ್ತದೆ. ಅತ್ತೆಯ ಬಾಯಿ ಎರಡು ತಿಂಗಳಲ್ಲಿ ನೆಟ್ಟಗಾಯಿತು. ಈಗಲೂ ಯಾರಾದರೂ ಲಕ್ವದ ಸುದ್ದಿ ತೆಗೆದರೆ ಅವರು ಕೇಳುವ ಮೊದಲ ಪ್ರಶ್ನೆ, "ಹುಬ್ಬು ಏಳುತ್ತಾ? ಕೈಯಲ್ಲಿ ಬಲ ಇದೆಯಾ?" ಉತ್ತರ ಏನೇ ಬರಲಿ, ಆಸ್ಪತ್ರೆಗೆ ಆಟೋ ಕರೆಸುತ್ತಾರೆ.