ಮನೆಯಿಲ್ಲದ ರೋಗಿ ಮತ್ತು ವೈದ್ಯ ವಿದ್ಯಾರ್ಥಿ

ಕಷಾಯವನ್ನು ದಿನಕ್ಕೆರಡು ಬಾರಿ ಕುದಿಸಿ ಕುಡಿಯಿರಿ, ಪಥ್ಯ ತಪ್ಪಿಸಬೇಡಿರಿ ಎಂದು ನಾವು ವೈದ್ಯರು ಸಲೀಸಾಗಿ ಹೇಳಿಬಿಡುತ್ತೇವೆ. ಬಸ್ ನಿಲ್ದಾಣದಲ್ಲಿ ಮಲಗುವವನಿಗೆ ಒಲೆ ಎಲ್ಲಿದೆ? ಬಳ್ಳಾರಿಯ ಬೇಸಿಗೆಯಲ್ಲಿ ಆತ ಇನ್ಸುಲಿನ್ನನ್ನು ಎಲ್ಲಿ ತಂಪಾಗಿಡಬೇಕು?

ಇಂಥವರ ಬಳಿಗೆ ವೈದ್ಯನೇ ಹೋಗಬೇಕೆಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಡಾ. ಜಿಮ್ ವಿದರ್ಸ್ 1992ರಲ್ಲಿ ರಾತ್ರಿಯ ಬೀದಿಗಿಳಿದರು. ಸ್ಯಾನ್ ಡಿಯಾಗೋದ ವಿಶ್ವವಿದ್ಯಾಲಯದಲ್ಲಿ 1997ರಿಂದ ವಿದ್ಯಾರ್ಥಿಗಳೇ ಉಚಿತ ಚಿಕಿತ್ಸಾಲಯ ನಡೆಸುತ್ತಿದ್ದಾರೆ. ವಿದ್ಯಾರ್ಥಿ ರೋಗಿಯ ಮಾತನ್ನು ಸಾವಧಾನವಾಗಿ ಕೇಳಿ, ಪರೀಕ್ಷಿಸಿ, ಹಿರಿಯ ವೈದ್ಯರಿಗೆ ಒಪ್ಪಿಸುತ್ತಾನೆ. ಔಷಧ ನಿಶ್ಚಯಿಸುವವರು ಆ ವೈದ್ಯರು. ಅವರಿಲ್ಲದೆ ನಡೆಯುವುದು ಚಿಕಿತ್ಸಾಲಯವಲ್ಲ, ಅಪಾಯ.

ನಮ್ಮಲ್ಲಿಯೂ 2022ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯವನ್ನು ಗಮನಿಸುವ ವ್ಯವಸ್ಥೆಯಿದೆ. ಒಳ್ಳೆಯದೇ. ಆದರೆ ಕುಟುಂಬವೂ ಮನೆಯೂ ಇಲ್ಲದವನು ಆ ಲೆಕ್ಕದೊಳಗೆ ಬರುವುದಿಲ್ಲ. ಬಳ್ಳಾರಿಯಲ್ಲಿ ಮೊದಲು ವಿಮ್ಸ್ ಎನಿಸಿದ್ದ ವೈದ್ಯಕೀಯ ಕಾಲೇಜು ಇದೆ, ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜೂ ಇದೆ. ಎರಡೂ ಕಡೆಯ ವಿದ್ಯಾರ್ಥಿಗಳು ವಾರಕ್ಕೊಂದು ಸಂಜೆ ಒಟ್ಟಾಗಿ ಕುಳಿತರೆ ಸಾಕೆಂಬುದು ನಮ್ಮ ಆಸೆ. ನಗರದ ನಿರ್ವಸಿತರಿಗೆ ಲಕ್ಷ ಜನಸಂಖ್ಯೆಗೊಂದರಂತೆ, ಕನಿಷ್ಠ 100 ಜನರು ತಂಗಬಲ್ಲ ಆಶ್ರಯತಾಣ ಇರಬೇಕೆಂಬುದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮವಾಗಿತ್ತು. 2011ರಲ್ಲಿಯೇ ಬಳ್ಳಾರಿಯ ಜನಸಂಖ್ಯೆ ನಾಲ್ಕು ಲಕ್ಷ ದಾಟಿತ್ತು. ಕುಳಿತುಕೊಳ್ಳಲು ಅಂಥ ಸ್ಥಳಕ್ಕಿಂತ ಉತ್ತಮವಾದುದು ಬೇರೆಯಿಲ್ಲ.

ಅಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ರಕ್ತದೊತ್ತಡ, ಸಕ್ಕರೆ ನೋಡುವುದು. ಪಾದಗಳನ್ನು ತಪ್ಪದೆ ನೋಡುವುದು. ಬರಿಗಾಲಿನ ಮಧುಮೇಹಿಗೆ ಸ್ಪರ್ಶಜ್ಞಾನ ಕುಂದಿ, ಮುಳ್ಳು ಚುಚ್ಚಿದ್ದೂ ತಿಳಿಯದೆ, ಸಣ್ಣ ಹುಣ್ಣು ಕಾಲನ್ನೇ ಕಳೆಯಬಲ್ಲದು. ಕುದಿಸುವ ಔಷಧಕ್ಕೆ ಬದಲು ವಟಿ, ಚೂರ್ಣ ಕೊಡುವುದು. ಊಟದ ನಂತರದ ಮಾತ್ರೆಯನ್ನು ದಾಸೋಹದ ಹೊತ್ತಿಗೆ ಹೊಂದಿಸುವುದು. ನಿತ್ಯ ಪ್ರಸಾದಕ್ಕೆ ಬರುವವರಿಗೆ ಪಂಕ್ತಿಯಿಂದ ಏಳುವಾಗ ಮಾತ್ರೆಯನ್ನು ನೆನಪಿಸುವವರೊಬ್ಬರಿದ್ದರೆ ಅರ್ಧ ಚಿಕಿತ್ಸೆ ಆದಂತೆಯೇ.

ಕ್ಷಯರೋಗದಲ್ಲಿ ಇದು ಇನ್ನೂ ಮುಖ್ಯ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಔಷಧ ಸೇವಿಸಬೇಕು. ನಡುವೆ ಬಿಟ್ಟರೆ ರೋಗ ಔಷಧಕ್ಕೆ ಬಗ್ಗದಂತಾಗಬಹುದು. ಔಷಧ ಉಚಿತ. ಪೋಷಣೆಗೆ ತಿಂಗಳಿಗೆ 1000 ರೂಪಾಯಿ ಸಹ ಉಂಟು, ಆದರೆ ಅದು ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಯಿಲ್ಲದವನ ಜೊತೆಗೆ ಹೋಗಿ ಖಾತೆ ತೆರೆಸುವುದನ್ನೂ ವಿದ್ಯಾರ್ಥಿ ತನ್ನ ವೈದ್ಯಕೀಯದ ಭಾಗವೆಂದೇ ತಿಳಿಯಬೇಕು.

ಎರಡು ವಾರ ಮೀರಿದ ಕೆಮ್ಮಿರುವ ಇಂಥವರು ಕಂಡರೆ ಭಕ್ತರು ಕೈಗೆ ಕಾಸಿಟ್ಟು ಮುಂದೆ ಸಾಗದೆ, ಸಮೀಪದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಗೆ ಹಣ ಕೊಡಬೇಕಿಲ್ಲ.